ಕೆಳಗಿನ ಸಾಲಿನ ಇಲಿಗಳಿಗೆ ಜ್ವರ ಬರಲಿಲ್ಲ

ಆ ಬೇಸಿಗೆಯಲ್ಲಿ ಕೆಳಗಿನ ಸಾಲಿನ ಇಲಿಗಳಿಗೆ ಮಲೇರಿಯಾ ಬಾರದೆ ಹೋದದ್ದು ಲಸಿಕೆಯಿಂದ ಅಲ್ಲ, ಸೊಳ್ಳೆಗಳ ತಪ್ಪಿನಿಂದಲೂ ಅಲ್ಲ, ನನ್ನ ಕೈಯಿಂದ. ಇದು ನನ್ನ ತೀರ್ಮಾನ. ಕಣ್ಣಾರೆ ಕಂಡಿರಾ ಎಂದು ಕೇಳಿದರೆ, ಇಲ್ಲ. ಮತ್ತೆ ಹೇಗೆ ಹೇಳುತ್ತೀರಿ ಎಂದರೆ, ಅದೂ ಗೊತ್ತಿಲ್ಲ. ಒಂದು ದಿನ ಖಂಡಿತ ನಾನೇ ಎನಿಸುತ್ತದೆ, ಇನ್ನೊಂದು ದಿನ ಇರಲಿಕ್ಕಿಲ್ಲ ಎನಿಸುತ್ತದೆ. ವಾರದಲ್ಲಿ ನಾಲ್ಕು ದಿನ ನಾನೇ ಎನಿಸುವುದರಿಂದ ಹಾಗೆಂದೇ ಬರೆದಿದ್ದೇನೆ.

ನಾನು ಪುಟ್ಟಲಕ್ಷ್ಮಮ್ಮ. ಅಲ್ಲಾಳಸಂದ್ರದವಳು, ಹುಟ್ಟಿದ್ದೂ ಅಲ್ಲೇ, ಕೊಟ್ಟಿದ್ದೂ ಅಲ್ಲೇ. ಓದಿದ್ದು ನಾಲ್ಕನೇ ಕ್ಲಾಸು. ಯಲಹಂಕದ ಕಡೆ ಒಂದು ಸಂಶೋಧನಾ ಸಂಸ್ಥೆಯ ಇಲಿಮನೆಯಲ್ಲಿ ಇಪ್ಪತ್ತಾರು ವರ್ಷ ದುಡಿದು ಈಗ ಮನೆಯಲ್ಲಿದ್ದೇನೆ. ಅಲ್ಲಿ ಮಲೇರಿಯಾಕ್ಕೆ ಲಸಿಕೆ ಹುಡುಕುತ್ತಿದ್ದರು, ಈಗಲೂ ಹುಡುಕುತ್ತಿದ್ದಾರೆ. ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ಹಳಬರು ನಾಲ್ಕು ಮಾತು ಬರೆದುಕೊಡಿ ಎಂದು ಆಫೀಸಿನವರು ಕೇಳಿದರು. ನಾನು ಬರೆದದ್ದನ್ನು ಮೊಮ್ಮಗಳು ತಿದ್ದಿದ್ದಾಳೆ. ಕಾಗುಣಿತ ಅವಳದು, ಮಾತು ನನ್ನದು. ಯಾವಾಗ ಪರ್ಮನೆಂಟ್ ಆಯಿತು, ಯಾವಾಗ ಸೀನಿಯರ್ ಆದೆ ಎಂಬುದನ್ನೆಲ್ಲ ಬರೆಯುವುದಿಲ್ಲ. ಸೀನಿಯರ್ ಆದ ಮೇಲೂ ಇಲಿಯ ಹಿಕ್ಕೆ ಅದೇ ಹಿಕ್ಕೆ.

ಮೊದಲನೆಯ ಮಾತು: ಇಲಿಮನೆಗೆ ಹೂ ಮುಡಿದು ಹೋಗಬೇಡಿ. ನಾನು ಸೇರಿದ ಮೊದಲ ತಿಂಗಳು, ಒಂದು ಶುಕ್ರವಾರ ತಲೆಗೆ ಎರೆದುಕೊಂಡು, ಎರಡು ಮೊಳ ಮಲ್ಲಿಗೆ ಮುಡಿದು ಹೋಗಿದ್ದೆ. ಆವತ್ತು ಆರು ತಾಯಿ ಇಲಿಗಳು ಮರಿ ಹಾಕಿದ್ದವು. ಬಿಳಿ ಇಲಿಯ ಮರಿ ಹುಟ್ಟಿದಾಗ ಬೆರಳ ತುದಿಯಷ್ಟು, ಕೆಂಪಗೆ, ಕಣ್ಣು ತೆರೆದಿರುವುದಿಲ್ಲ. ಚೆನ್ನಾಗಿವೆಯಲ್ಲ ಎಂದು ಒಂದೊಂದನ್ನೇ ಕೈಯಲ್ಲಿಟ್ಟು ನೋಡಿ ಒಳಗೆ ಬಿಟ್ಟೆ. ಮರುದಿನ ಬಂದು ನೋಡಿದರೆ ನಾಲ್ಕು ಗೂಡುಗಳಲ್ಲಿ ಒಂದು ಮರಿಯೂ ಇಲ್ಲ. ತಾಯಿಗಳೇ ತಿಂದಿದ್ದವು. ಬೇರೆ ವಾಸನೆ ತಗುಲಿದರೆ, ಗಾಬರಿಯಾದರೆ ಹಾಗೆ ಮಾಡುತ್ತವಂತೆ. ಆಗ ನಮ್ಮ ಮೇಲಿದ್ದ ಪಶುವೈದ್ಯರು ಕೂಗಾಡುವ ಮನುಷ್ಯರಲ್ಲ. ಖಾಲಿ ಗೂಡುಗಳನ್ನು ನನ್ನಿಂದಲೇ ತೊಳೆಸಿದರು. ತೊಳೆದು ಮುಗಿದ ಮೇಲೆ, "ನೋಡಮ್ಮ, ಇಲಿಗೆ ನಿನ್ನ ಹೂವು ಬೇಕಿಲ್ಲ, ನಿನ್ನ ಪ್ರೀತೀನೂ ಬೇಕಿಲ್ಲ. ಹೊತ್ತಿಗೆ ಸರಿಯಾಗಿ ಊಟ ನೀರು ಕೊಡು, ಮುಟ್ಟಬೇಡ" ಎಂದರು. ಅಷ್ಟು ಒಳ್ಳೆಯ ಮಾತನ್ನು ಆಮೇಲೆ ಬಂದ ಯಾವ ಸಾಹೇಬರೂ ಹೇಳಲಿಲ್ಲ.

ಆ ಕಾಲದಲ್ಲಿ ಕಬ್ಬಿಣದ ಜಾಲರಿಯ ಗೂಡು, ಕೆಳಗೆ ಸಾಮಿಲ್ಲಿನಿಂದ ತಂದ ಮರದ ಹೊಟ್ಟು. ನಾವು ಬರಿಗಾಲಲ್ಲೇ ಓಡಾಡುತ್ತಿದ್ದೆವು. ಇಲಿಯ ಕಿವಿಗೆ ತೂತು ಹೊಡೆದು ಲೆಕ್ಕ ಇಡುತ್ತಿದ್ದೆವು. ಈಗ ಗಾಳಿಯ ಪೈಪು ಕೊಟ್ಟ ಪ್ಲಾಸ್ಟಿಕ್ ಗೂಡು, ಮೆಕ್ಕೆಜೋಳದ ದಿಂಡಿನ ತರಿ, ಗೂಡಿಗೊಂದು ಸ್ಟಿಕರ್. ನಮಗೆ ಟೋಪಿ, ಮಾಸ್ಕು, ಕಾಲಿಗೆ ಚೀಲ. ಇದರಿಂದ ಇಲಿಗಳು ಸುಖವಾಗಿವೆಯೋ ಇಲ್ಲವೋ ನನಗೆ ಹೇಳಲಾಗದು. ವಾಸನೆ ಕಡಿಮೆಯಾಗಿದೆ, ಅಷ್ಟು ಗೊತ್ತು.

ಎರಡನೆಯ ಮಾತು: ಇಲಿಗೆ ಹೆಸರಿಡಬೇಡಿ. ಹೊಸ ಹುಡುಗಿಯರು ಬಂದ ಕೂಡಲೇ ಹೆಸರಿಡುತ್ತಾರೆ. ಮೂರು ವಾರಕ್ಕೆ ಅದನ್ನು ಸಾಯಿಸಲು ಗ್ಯಾಸಿನ ಡಬ್ಬಿಗೆ ಹಾಕುವಾಗ ಹೊರಗೆ ಹೋಗಿ ಅಳುತ್ತಾರೆ. ಅಳುವುದಾದರೆ ಹೊರಗೇ ಅಳಿ, ಒಳಗೆ ಇಲಿಗಳಿಗೆ ಗಾಬರಿಯಾಗುತ್ತದೆ.

ಮನೆಯ ಹತ್ತಿರ ನನ್ನ ಕೆಲಸ ಏನೆಂದು ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಒಂದು ಮಳೆಗಾಲ ಪಕ್ಕದ ಬೀದಿಯ ಹುಡುಗನಿಗೆ ಡೆಂಗಿ ಬಂತು. ಅವನ ತಾಯಿ ಬಾಗಿಲಿಗೆ ಬಂದು, "ನಿಮ್ಮ ಆಫೀಸಲ್ಲಿ ಸೊಳ್ಳೆ ಇಂಜೆಕ್ಷನ್ ಮಾಡ್ತಾರಂತಲ್ಲ ಅಕ್ಕ, ನಮ್ಮ ಇನ್ನೊಂದು ಮಗೂಗೂ ಒಂದು ತಂದ್ಕೊಡಿ" ಎಂದಳು.

"ಅದು ಮಲೇರಿಯಾದ್ದಮ್ಮ, ಇದು ಡೆಂಗಿ. ಆ ಸೊಳ್ಳೆ ಬೇರೆ, ಈ ಸೊಳ್ಳೆ ಬೇರೆ" ಎಂದೆ.

"ಸೊಳ್ಳೇಲಿ ಎಂಥ ಬೇರೆ? ಕಚ್ಚೋದು ಒಂದೇ ತಾನೆ?"

"ನಮ್ಮದು ಇನ್ನೂ ಇಲಿಗೇ ಸರಿಯಾಗಿ ಹತ್ತಿಲ್ಲ."

"ಅಷ್ಟು ವರ್ಷದಿಂದ ಇಲೀಗೆ ಮಾಡ್ತಿದೀರಾ!" ಎಂದು ಅವಳು ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ನಾನೇ ಇಂಜೆಕ್ಷನ್ನನ್ನು ಬೀರುವಿನಲ್ಲಿ ಬಚ್ಚಿಟ್ಟುಕೊಂಡಿರುವಂತೆ. ಅವಳನ್ನು ತಪ್ಪೆನ್ನಲಾರೆ. ನನಗೇ ಅದೆಲ್ಲ ಅರ್ಥವಾಗುವುದಕ್ಕೆ ಇಪ್ಪತ್ತು ವರ್ಷ ಬೇಕಾಯಿತು, ಅದೂ ಅರ್ಧ.

ಆ ಅರ್ಧವನ್ನು ಹೇಳಿಕೊಟ್ಟವಳು ಸೌಮ್ಯ. ಜಾಲಹಳ್ಳಿಯ ಹುಡುಗಿ, ಅವಳ ತಂದೆ ಅಲ್ಲಿ ಫ್ಯಾಕ್ಟರಿಯಲ್ಲಿದ್ದವರು. ಡಾಕ್ಟರ್ ಸದಾನಂದ ಅವರ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದಳು. ಅವಳು ಹೇಳಿದ್ದು ಇಷ್ಟು. ಸೊಳ್ಳೆ ಕಚ್ಚಿದಾಗ ಮಲೇರಿಯಾದ ಕ್ರಿಮಿ ಮೊದಲು ಲಿವರಿಗೆ ಹೋಗುತ್ತದೆ. ಅಲ್ಲಿ ಒಂದಷ್ಟು ದಿನ ಇದ್ದು ಆಮೇಲೆ ರಕ್ತಕ್ಕೆ ಬರುತ್ತದೆ. ರಕ್ತಕ್ಕೆ ಬಂದ ಮೇಲೆ ಜ್ವರ. ಇಲಿಗೆ ನಿಜವಾದ ಕ್ರಿಮಿಯನ್ನೇ ಕೊಟ್ಟು, ಜೊತೆಗೆ ಕುಡಿಯುವ ನೀರಿನಲ್ಲಿ ಮಲೇರಿಯಾದ ಔಷಧಿ ಬೆರೆಸಿಟ್ಟರೆ, ಕ್ರಿಮಿ ರಕ್ತಕ್ಕೆ ಬಂದ ಕೂಡಲೇ ಸಾಯುತ್ತದೆ. ಜ್ವರ ಬರುವುದಿಲ್ಲ. ಆದರೆ ಲಿವರಿನಲ್ಲಿ ಅದು ಇದ್ದುಹೋದ ನೆನಪು ಮೈಗೆ ಉಳಿಯುತ್ತದೆ. ಮುಂದೆ ಔಷಧಿ ನಿಲ್ಲಿಸಿದ ಮೇಲೂ, ಕ್ರಿಮಿ ಬಂದರೆ ಮೈ ಗುರುತು ಹಿಡಿದು ಬಾಗಿಲಲ್ಲೇ ಹೊಡೆಯುತ್ತದೆ. ಅದು ನಿಜವಾ, ಎಷ್ಟು ದಿನ ನೆನಪಿರುತ್ತದೆ, ಇದನ್ನೇ ಅವಳು ನೋಡುತ್ತಿದ್ದದ್ದು.

"ಆಫ್ರಿಕಾದಲ್ಲಿ ಮಕ್ಕಳಿಗೆ ಲಸಿಕೆ ಬಂದೇಬಿಟ್ಟಿದೆ ಅಂತ ಟೀವೀಲಿ ಹೇಳಿದ್ರಲ್ಲ? ಮತ್ತೆ ನಾವ್ಯಾಕೆ ಒದ್ದಾಡ್ತಿದೀವಿ?" ಎಂದು ಕೇಳಿದ್ದೆ.

"ಬಂದಿದೆ ಅಮ್ಮ. ಆದ್ರೆ ಅದು ಎಲ್ರನ್ನೂ ಕಾಯಲ್ಲ, ಜಾಸ್ತಿ ದಿನಾನೂ ಕಾಯಲ್ಲ. ಅದಕ್ಕಿಂತ ಒಳ್ಳೇದು ಬೇಕು."

ಹಾಗೆ ಅವಳ ಇಲಿಗಳು ನಮ್ಮ ಕೋಣೆಯಲ್ಲಿ ಎರಡು ಸಾಲಾಗಿದ್ದವು. ಮೇಲಿನ ಸಾಲಿನವು ಇನ್ನೂ ಪಾಠ ಕಲಿಯುತ್ತಿದ್ದವು. ಅವುಗಳಿಗೆ ಔಷಧಿ ನೀರು. ಬೆಳಕು ಬಿದ್ದರೆ ಔಷಧಿ ಕೆಡುತ್ತದೆಂದು ಆ ಬಾಟಲಿಗಳಿಗೆ ಬೆಳ್ಳಿ ಕಾಗದ ಸುತ್ತಿರುತ್ತಿತ್ತು. ಕೆಳಗಿನ ಸಾಲಿನಲ್ಲಿ ಅರ್ಧ ಇಲಿಗಳು ಪಾಠ ಮುಗಿಸಿದವು, ಇನ್ನರ್ಧ ಏನೂ ಕಲಿಯದವು. ಕಲಿಯದವುಗಳಿಗೆ ಕಂಟ್ರೋಲ್ ಎನ್ನುತ್ತಾರೆ. ಕೆಳಗಿನ ಸಾಲಿಗೆಲ್ಲ ಬರೀ ನೀರು. ಒಂದು ಬುಧವಾರ ಕೆಳಗಿನ ಎಲ್ಲ ಇಲಿಗಳಿಗೂ ಮಲೇರಿಯಾ ಸೊಳ್ಳೆ ಕಚ್ಚಿಸಿದರು. ಕಲಿತವುಗಳಿಗೆ ಜ್ವರ ಬರಬಾರದು, ಕಲಿಯದವುಗಳಿಗೆ ಬರಬೇಕು. ಲೆಕ್ಕ ಇಷ್ಟೇ.

ಸೊಳ್ಳೆ ಸಾಕುತ್ತಿದ್ದವನು ಮುನಿರಾಜ. ಬಾಗಲೂರಿನವನು, ಕಂಟ್ರಾಕ್ಟಿನ ಮೇಲೆ ಇದ್ದ. ಅವನ ದೊಡ್ಡಪ್ಪನ ಮಕ್ಕಳು ಜಮೀನನ್ನು ಲೇಔಟು ಮಾಡಿ ಮಾರಿ, ಬಾಡಿಗೆ ಮನೆ ಕಟ್ಟಿಸಿ ಕಾರಿನಲ್ಲಿ ಓಡಾಡುತ್ತಿದ್ದರು, ಇವನು ಸೊಳ್ಳೆಮರಿಗಳಿಗೆ ನಾಯಿ ಬಿಸ್ಕತ್ತಿನ ಪುಡಿ ಉದುರಿಸುತ್ತಿದ್ದ. ಅದಕ್ಕೆ ನಾವು ತಮಾಷೆ ಮಾಡಿದರೆ, "ಅವ್ರು ಸಾಕಿರೋ ಬಾಡಿಗೆದಾರ್ರಿಗಿಂತ ನಂ ಸೊಳ್ಳೆ ಮೇಲು ಬುಡಿ" ಎನ್ನುತ್ತಿದ್ದ. ಕೆಲಸದಲ್ಲಿ ಅವನಿಗೆ ಸಮ ಇಲ್ಲ. ತಟ್ಟೆಯ ನೀರಿನಲ್ಲಿ ಸಾವಿರ ಮರಿ ತೇಲುತ್ತಿದ್ದರೂ ಯಾವುದು ನಾಳೆ ರೆಕ್ಕೆ ಕಟ್ಟುತ್ತದೆ ಎಂದು ಬೆರಳಿಟ್ಟು ತೋರಿಸುತ್ತಿದ್ದ. ದೊಡ್ಡ ಸೊಳ್ಳೆಗಳಿಗೆ ಸಕ್ಕರೆ ನೀರಿನ ಹತ್ತಿಯ ಜೊತೆ ನೆನೆಸಿದ ದ್ರಾಕ್ಷಿ. ನನಗೆ ಮಾತ್ರ ಒಂದು ದ್ರಾಕ್ಷಿಯನ್ನೂ ಕೊಟ್ಟವನಲ್ಲ.

ಅವನ ಹತ್ತಿರ ಎರಡು ಕೋಣೆ. ಒಂದು ಬೆಚ್ಚಗೆ, ಸೊಳ್ಳೆ ಹುಟ್ಟಿ ಬೆಳೆಯುವುದಕ್ಕೆ. ಇನ್ನೊಂದು ತಣ್ಣಗೆ. ಇಲಿಯ ಮಲೇರಿಯಾದ ಕ್ರಿಮಿ ಸೊಳ್ಳೆಯೊಳಗೆ ಬಲಿಯಬೇಕಾದರೆ ಸೊಳ್ಳೆ ತಣ್ಣಗಿರಬೇಕು. ಸೆಕೆಯಾದರೆ ಕ್ರಿಮಿ ಕೆಡುತ್ತದೆ. ಸೊಳ್ಳೆ ಚೆನ್ನಾಗಿಯೇ ಇರುತ್ತದೆ, ಕಚ್ಚುತ್ತದೆ, ಆದರೆ ಒಳಗೆ ಸರಕಿಲ್ಲ.

ಇನ್ನು ನೀರಿನ ವಿಷಯ. ಆ ಬೇಸಿಗೆ ನಮ್ಮ ಕಡೆ ಬೋರ್‌ವೆಲ್ಲುಗಳೆಲ್ಲ ಬತ್ತಿದ್ದವು. ಮನೆಯಲ್ಲಿ ಟ್ಯಾಂಕರು ಬಂದಾಗ ಹಿಡಿದಿಟ್ಟರೆ ಉಂಟು, ಇಲ್ಲವಾದರೆ ಇಲ್ಲ. ಅಕ್ಕಿ ತೊಳೆದ ನೀರು ಪಾತ್ರೆಗೆ, ಪಾತ್ರೆ ತೊಳೆದದ್ದು ಗಿಡಕ್ಕೆ, ಬಟ್ಟೆ ಒಗೆದದ್ದು ಕಕ್ಕಸಿಗೆ. ಲೋಟದಲ್ಲಿ ನೀರು ಬಿಟ್ಟು ಎದ್ದರೆ ಮೊಮ್ಮಗಳ ತಲೆಗೆ ಮೊಟಕುತ್ತಿದ್ದೆ. ಸಂಸ್ಥೆಯಲ್ಲೂ ನೋಟಿಸು ಅಂಟಿಸಿದ್ದರು. ಇಲಿಗೆ ಕೊಡುವುದು ಕಾಯಿಸಿ ಶುದ್ಧ ಮಾಡಿದ ನೀರು. ಅದನ್ನೂ ಕ್ಯಾನಿನ ಲೆಕ್ಕದಲ್ಲಿ ಕೊಡಲು ಶುರು ಮಾಡಿದರು. ಸೋಮವಾರ, ಗುರುವಾರ ಎಲ್ಲ ಬಾಟಲಿ ಬದಲಾಯಿಸಬೇಕು, ಉಳಿದ ನೀರನ್ನು ಸಿಂಕಿಗೆ ಚೆಲ್ಲಬೇಕು, ಬಾಟಲಿ ತೊಳೆದು ಹೊಸ ನೀರು ತುಂಬಬೇಕು. ಇದು ನಿಯಮ. ಇಪ್ಪತ್ತಾರು ವರ್ಷ ಪಾಲಿಸಿದ್ದೆ. ಆ ಬೇಸಿಗೆ ನನ್ನ ಕೈ ಕೇಳಲಿಲ್ಲ. ಇಲಿ ಗುಟುಕು ಕುಡಿದು ಬಿಟ್ಟ ಚೆಂದದ ನೀರನ್ನು ಚೆಲ್ಲುವುದೆಂದರೆ ಹೊಟ್ಟೆ ಉರಿಯಿತು. ಅರ್ಧ ಉಳಿದ ಎರಡು ಬಾಟಲಿ ಕೂಡಿಸಿ ಒಂದು ತುಂಬು ಬಾಟಲಿ ಮಾಡತೊಡಗಿದೆ. ಯಾರಿಗೂ ಹೇಳಲಿಲ್ಲ. ಯಾರೂ ಕೇಳಲಿಲ್ಲ.

ಔಷಧಿ ಬಾಟಲಿಗಳನ್ನು ಸೌಮ್ಯಳೇ ಬದಲಾಯಿಸುತ್ತಿದ್ದಳು. ಸೊಳ್ಳೆ ಕಚ್ಚಿಸಿದ ಮರುದಿನ, ಗುರುವಾರ, ಅವಳಿಗೆ ಡಾಕ್ಟರ ಜೊತೆ ಮೀಟಿಂಗು ಇತ್ತು. "ಅಮ್ಮ, ಇವತ್ತೊಂದಿನ ಮೇಲಿನ ಸಾಲೂ ನೀವೇ ಮಾಡ್ಬಿಡಿ. ಹೊಸ ಬಾಟಲಿ ತುಂಬಿ ಇಟ್ಟಿದೀನಿ. ಹಳೇದ್ರಲ್ಲಿ ಇರೋದನ್ನ ಚೆಲ್ಲಿಬಿಡಿ" ಎಂದು ಹೋದಳು. ನಾನು ಹೊಸ ಬಾಟಲಿ ಇಟ್ಟೆ. ಹಳೆಯವನ್ನು ಟ್ರಾಲಿಯ ಮೇಲೆ ಸಾಲಾಗಿ ನಿಲ್ಲಿಸಿದೆ. ಬೆಳ್ಳಿ ಕಾಗದ ಹರಿಯದಂತೆ ಬಿಚ್ಚಿ, ಕೈಯಿಂದ ನೀವಿ ಸಪಾಟು ಮಾಡಿ ಇಟ್ಟೆ, ಇನ್ನೊಂದು ಸಲ ಬರುತ್ತದೆಂದು. ಕೆಳಗಿನ ಸಾಲಿನ ಬಾಟಲಿಗಳನ್ನೂ ಅದೇ ಟ್ರಾಲಿಗೆ ಇಳಿಸಿದೆ. ಕಾಗದ ಬಿಚ್ಚಿದ ಮೇಲೆ ಎಲ್ಲ ಬಾಟಲಿಯೂ ಒಂದೇ. ಅಷ್ಟರಲ್ಲಿ ಗೇಟಿನಿಂದ ಇಲಿಯ ಕಾಳಿನ ಮೂಟೆ ಬಂದಿದೆ ಎಂದು ಕರೆದರು. ಹೋಗಿ ಇಳಿಸಿಕೊಂಡು ಬಂದೆ. ಬಂದು ನೀರು ಕೂಡಿಸಿ ಕೆಳಗಿನ ಸಾಲಿಗೆ ಇಟ್ಟೆ.

ಹೋಗುವ ಮುಂಚೆ ಔಷಧಿ ಬಾಟಲಿಗಳನ್ನು ಚೆಲ್ಲಿದ್ದೆನೋ ಇಲ್ಲವೋ, ಇದೇ ಪ್ರಶ್ನೆ. ಚೆಲ್ಲಿದ ಹಾಗೆ ಕೈಗೆ ನೆನಪಿದೆ. ಆದರೆ ಆ ಕೈ ಸಾವಿರಾರು ಬಾಟಲಿ ಚೆಲ್ಲಿದೆ. ಯಾವ ದಿನದ ನೆನಪನ್ನು ತಂದು ತೋರಿಸುತ್ತಿದೆಯೋ ಏನೋ.

ಐದಾರು ದಿನ ಕಳೆದ ಮೇಲೆ ಸೌಮ್ಯ ಇಲಿಗಳ ಬಾಲದ ತುದಿಯಿಂದ ಒಂದೊಂದು ಹನಿ ರಕ್ತ ತೆಗೆದು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡಲು ಕುಳಿತಳು. ಮೊದಲು ಕಲಿತ ಇಲಿಗಳದು. ಒಂದರಲ್ಲೂ ಕ್ರಿಮಿ ಇಲ್ಲ. ಎದ್ದು ಬಂದು ನನ್ನನ್ನು ತಬ್ಬಿಕೊಂಡಳು. "ಅಮ್ಮಾ, ಎಲ್ಲಾ ಕ್ಲೀನ್! ಎಲ್ಲಾ!" ಗೌನು ಕೊಳಕಾಗಿದೆ ದೂರ ಇರವ್ವ ಎಂದರೂ ಕೇಳಲಿಲ್ಲ. ಮಧ್ಯಾಹ್ನ ಊಟ ಮಾಡಿ ಬಂದು ಕಂಟ್ರೋಲಿನ ಗಾಜು ನೋಡಲು ಕುಳಿತವಳು ಬಹಳ ಹೊತ್ತು ಏಳಲೇ ಇಲ್ಲ. ನಾನೇ ಹೋಗಿ ಏನಾಯಿತೆಂದು ಕೇಳಿದೆ.

"ಇವಕ್ಕೂ ಬಂದಿಲ್ಲ ಅಮ್ಮ."

"ಒಳ್ಳೇದೇ ಆಯ್ತಲ್ಲ. ಇಲಿ ಎಲ್ಲಾ ಚೆನ್ನಾಗವೆ."

"ಅಯ್ಯೋ ಅಮ್ಮಾ, ಇವಕ್ಕೆ ಬರ್ಲೇಬೇಕಿತ್ತು! ಇವಕ್ಕೆ ಬಂದ್ರೆ ತಾನೆ ಅವಕ್ಕೆ ಲಸಿಕೆಯಿಂದ ಬಂದಿಲ್ಲ ಅಂತ ಹೇಳ್ಬೋದು? ಯಾರಿಗೂ ಬಂದಿಲ್ಲ ಅಂದ್ರೆ ಲಸಿಕೆ ಏನ್ ಮಾಡ್ತು?"

ಯಾರಿಗೂ ಕಾಯಿಲೆ ಬರಲಿಲ್ಲವೆಂದು ಒಂದು ಹುಡುಗಿ ಅಳುವುದನ್ನು ನಾನು ಅಲ್ಲಿಯೇ ಮೊದಲು ನೋಡಿದ್ದು. ಮತ್ತೆ ನಾಲ್ಕು ದಿನ ನೋಡಿದಳು, ಎಂಟು ದಿನ ನೋಡಿದಳು. ಗಾಜಿನಲ್ಲಿ ಏನೂ ಇಲ್ಲ.

ಡಾಕ್ಟರ್ ಸದಾನಂದ ಎಲ್ಲರನ್ನೂ ಕೂರಿಸಿ ಒಂದೊಂದೇ ರಿಜಿಸ್ಟರು ತೆಗೆಸಿದರು. ಅವರು ಕೆಟ್ಟವರಲ್ಲ, ಅವಸರದವರು. ಮುನಿರಾಜನ ರಿಜಿಸ್ಟರಿನಲ್ಲಿ ಸೊಳ್ಳೆ ಕಚ್ಚಿಸುವ ಹಿಂದಿನ ದಿನ, ಮಂಗಳವಾರ ಮಧ್ಯಾಹ್ನ, ಅವನದೇ ಕೈಬರಹದಲ್ಲಿ ಹೀಗಿತ್ತು: ಕರೆಂಟು ಹೋಗಿತ್ತು, ಜನರೇಟರು ತಡವಾಗಿ ಹತ್ತಿತು, ತಣ್ಣನೆ ಕೋಣೆ ಬಿಸಿಯಾಯಿತು, ಒದ್ದೆ ಬಟ್ಟೆ ಹೊದಿಸಿದೆ.

"ಇಲ್ಲೇ ಇದೆಯಲ್ಲ" ಎಂದರು ಡಾಕ್ಟರು. "ಯಾಕೆ ಆಗ್ಲೇ ಬಂದು ಹೇಳ್ಲಿಲ್ಲ?"

"ಬರ್ದಿದೀನಲ್ಲ ಸಾರ್. ದಿನಾ ನೀವೇ ಸೈನ್ ಆಕ್ತೀರ."

ಆ ಮಾತು ಆಡಬಾರದಿತ್ತು. ನಿಜವಾಗಿತ್ತು, ಅದಕ್ಕೇ ಆಡಬಾರದಿತ್ತು. ಡಾಕ್ಟರ ಮುಖ ಕೆಂಪಾಯಿತು. ಮುನಿರಾಜ ಮಾತ್ರ ನಿಲ್ಲಿಸಲಿಲ್ಲ. "ಬಿಸಿಯಾಗಿದ್ದು ಸ್ವಲ್ಪ ಒತ್ತು ಸಾರ್. ಅಷ್ಟಕ್ಕೆಲ್ಲ ನಂ ಸೊಳ್ಳೆ ಕೆಡಲ್ಲ. ಅದಕ್ಕೂ ಮುಂಚೆ ಸೌಮ್ಯ ಮೇಡಮ್ಮೇ ಎರಡು ಮೂರು ಕುಯ್ದು ನೋಡವ್ರೆ, ಒಳಗೆ ಕ್ರಿಮಿ ತುಂಬಿತ್ತು." ಅದು ಕರೆಂಟು ಹೋಗುವ ಮುಂಚಿನ ಮಾತು ಎಂದರು ಡಾಕ್ಟರು. ಕಚ್ಚಿಸಿದ ಮೇಲೆ ಸೊಳ್ಳೆಗಳನ್ನು ಸಾಯಿಸಿಬಿಡುವುದು ನಿಯಮ. ಇನ್ನೊಮ್ಮೆ ಕುಯ್ದು ನೋಡೋಣವೆಂದರೆ ಸೊಳ್ಳೆಯೇ ಇಲ್ಲ. ಈ ತಿಂಗಳಿಗೆ ಇವನ ಕಂಟ್ರಾಕ್ಟು ಮುಗಿಯುತ್ತದೆ, ಮುಂದುವರಿಸುವುದು ಬೇಡ ಎಂದು ಕಾಗದ ಟೈಪು ಮಾಡಿಸಲು ಹೇಳಿದರು. ಮುನಿರಾಜ ಟೋಪಿ ತೆಗೆದು ಮೇಜಿನ ಮೇಲಿಟ್ಟು ಹೋದವನು ಮರುದಿನದಿಂದ ಬರಲೇ ಇಲ್ಲ. ಫೋನೂ ಎತ್ತಲಿಲ್ಲ.

ನನ್ನ ರಿಜಿಸ್ಟರಿನಲ್ಲಿ ಆ ಗುರುವಾರದ ಎದುರು 'ನೀರು ಬದಲಾಯಿಸಿದೆ' ಎಂದಿತ್ತು. ಬರೆದವನು ಸಿಕ್ಕಿಬಿದ್ದ, ಬರೆಯದವಳು ಉಳಿದುಕೊಂಡೆ.

ಆಗ ನನಗೆ ನನ್ನ ಮೇಲೆ ಅನುಮಾನವೇ ಇರಲಿಲ್ಲ, ನಿಜ ಹೇಳುತ್ತೇನೆ. ಪಾಪ ಮುನಿರಾಜ, ಕರೆಂಟಿನಿಂದ ಹಾಳಾದ ಎಂದಷ್ಟೇ ಅಂದುಕೊಂಡಿದ್ದೆ. ಒಂದು ದಿನ ಸೌಮ್ಯ ಗೂಡುಗಳ ಮುಂದೆ ನಿಂತು ತನಗೆ ತಾನೇ ಗೊಣಗಿದಳು: "ಯಾರೋ ಇವಕ್ಕೆಲ್ಲ ಔಷಧಿ ಕುಡಿಸಿದ ಹಾಗಿದೆ."

ಅವಳು ಸುಮ್ಮನೆ ಅಂದದ್ದು. ಟ್ರಾಲಿ, ಬಿಚ್ಚಿದ ಬೆಳ್ಳಿ ಕಾಗದ, ಗೇಟಿನ ಕರೆ, ಎಲ್ಲ ಒಟ್ಟಿಗೆ ನನ್ನ ನೆನಪಿಗೆ ಬಂದವು. ಅದಕ್ಕಿಂತ ಹೆಚ್ಚಾಗಿ ಒಂದು ಬಂತು. ಆ ಗುರುವಾರ ಕಳೆದು ಸೋಮವಾರ ಬಾಟಲಿ ಇಳಿಸಿದಾಗ ಕೆಳಗಿನ ಸಾಲಿನಲ್ಲಿ ನೀರು ಯಾವತ್ತಿಗಿಂತ ಜಾಸ್ತಿ ಉಳಿದಿತ್ತು. ಮಲೇರಿಯಾದ ಔಷಧಿ ಕಹಿ. ಸೌಮ್ಯ ಸಕ್ಕರೆ ಹಾಕಿದರೂ ಕಹಿ ಪೂರ್ತಿ ಹೋಗುವುದಿಲ್ಲ, ಇಲಿ ಕಡಿಮೆ ಕುಡಿಯುತ್ತವೆ. ನೀರು ಉಳಿದದ್ದು ನೋಡಿ ನಾನು ಒಳ್ಳೆಯದಾಯಿತೆಂದುಕೊಂಡೆ. ಅದನ್ನೂ ಕೂಡಿಸಿ ಮತ್ತೆ ಕೆಳಗಿನ ಸಾಲಿಗೇ ಇಟ್ಟೆ.

ಆದರೆ ಆ ಶನಿವಾರ ಭಾನುವಾರ ಮಳೆ ಹನಿದು ಸೆಕೆ ಇಳಿದಿತ್ತು. ತಂಪಿದ್ದರೆ ಇಲಿ ಹೇಗೂ ಕಡಿಮೆ ಕುಡಿಯುತ್ತವೆ. ಹಾಗಾದರೆ ಮಳೆಯೋ, ಕಹಿಯೋ? ಬಾಟಲಿಗಳೆಲ್ಲ ಎಷ್ಟೋ ಸಲ ತೊಳೆದಾಗಿತ್ತು. ನೆಕ್ಕಿ ನೋಡೋಣವೆಂದರೂ ಏನೂ ಉಳಿದಿರಲಿಲ್ಲ. ಎರಡು ದಿನ ಇದನ್ನೇ ಲೆಕ್ಕ ಹಾಕಿದೆ. ರಿಟೈರ್ ಆಗುವುದಕ್ಕೆ ಎರಡೇ ತಿಂಗಳಿತ್ತು. ಸುಮ್ಮನಿದ್ದರೆ ಹಾರ ಹಾಕಿ ಕಳಿಸುತ್ತಿದ್ದರು. ಬಾಗಲೂರಿನಲ್ಲಿ ಒಬ್ಬ ತನ್ನದಲ್ಲದ ತಪ್ಪಿಗೆ ಮನೆಯಲ್ಲಿ ಕೂತಿರಬಹುದು. ಅಥವಾ ಅವನದೇ ತಪ್ಪೂ ಇರಬಹುದು. ಇದನ್ನು ಇಟ್ಟುಕೊಂಡು ಎಷ್ಟು ದಿನ ಅನ್ನ ಉಣ್ಣುವುದು ಎಂದು ಮೂರನೆಯ ದಿನ ಸಂಜೆ ಡಾಕ್ಟರ ಕೋಣೆಗೆ ಹೋದೆ. ಸೌಮ್ಯಳೂ ಅಲ್ಲೇ ಇದ್ದಳು. ಟೈಪಾದ ಕಾಗದ ಮೇಜಿನ ಮೇಲಿತ್ತು, ಸಹಿ ಆಗಿರಲಿಲ್ಲ.

"ಸಾರ್, ಮುನಿರಾಜನ ಕಾಗ್ದ ತಡೀರಿ. ನಾನು ನೀರು ಕೂಡ್ಸಿದೀನಿ" ಎಂದು ನಡೆದದ್ದನ್ನೆಲ್ಲ ಹೇಳಿದೆ.

ಡಾಕ್ಟರು ಪೆನ್ನು ಕೆಳಗಿಟ್ಟರು. "ಅಂದ್ರೆ ಔಷಧಿ ನೀರನ್ನ ಕೆಳಗಿನ ಸಾಲಿಗೆ ಹಾಕಿದ್ರಾ?"

"ಗೊತ್ತಿಲ್ಲ ಸಾರ್."

"ಹಾಕಿಲ್ವಾ?"

"ಅದೂ ಗೊತ್ತಿಲ್ಲ."

"ಲಕ್ಷ್ಮಮ್ಮ, ನೀವು ತಪ್ಪು ಒಪ್ಕೊಳ್ಳೋಕೆ ಬಂದಿದೀರಾ, ಇಲ್ಲ ನನ್ನ ತಲೆ ಕೆಡಿಸೋಕೆ ಬಂದಿದೀರಾ?"

"ನನ್ನ ತಲೆ ಕೆಟ್ಟು ಮೂರು ದಿನ ಆಯ್ತು ಸಾರ್. ನಿಮ್ಮದೂ ಸ್ವಲ್ಪ ಕೆಡ್ಲಿ."

ಸೌಮ್ಯ ಎದ್ದುನಿಂತಳು. "ಚೆಲ್ಲಿ ಅಂತ ಹೇಳಿದ್ದೆ ಅಮ್ಮ. ಬಾಯಿಬಿಟ್ಟು ಹೇಳಿದ್ದೆ. ಮೂರು ವರ್ಷದ ಕೆಲಸ! ಒಂದು ಬಕೆಟ್ ನೀರಿಗೋಸ್ಕರ!" ಬಾಗಿಲು ಬಡಿದು ಹೊರಗೆ ಹೋದಳು. ಕ್ಷಮಿಸವ್ವ ಎನ್ನೋಣವೆಂದರೆ, ಏನು ಮಾಡಿದ್ದಕ್ಕೆ ಎಂದೇ ಗೊತ್ತಿಲ್ಲವಲ್ಲ.

ಡಾಕ್ಟರು ಟೈಪಾದ ಕಾಗದವನ್ನು ಪಕ್ಕಕ್ಕೆ ಸರಿಸಿದರು. "ಕರೆಂಟ್ ಹೋಗಿದ್ರಿಂದ ಅಂತ ಹೇಳೋಕೂ ಆಗಲ್ಲ ಈಗ, ನೀರಿಂದ ಅಂತ ಹೇಳೋಕೂ ಆಗಲ್ಲ. ಎರಡೂ ಸೇರಿ ಆಗಿದ್ಯೋ ಏನೋ. ಮತ್ತೆ ಮೊದಲಿಂದ ಮಾಡ್ಬೇಕು." ನನ್ನ ರಿಜಿಸ್ಟರು ತರಿಸಿ, ನೀರು ಕೂಡಿಸಿದ್ದನ್ನು ಆ ಗುರುವಾರದ ಎದುರಿಗೆ ಬರೆಸಿದರು. ಕೆಳಗೆ ಆವತ್ತಿನ ತಾರೀಕು ಹಾಕಿಸಿ, ಈ ಸಲ ಓದಿಯೇ ಸಹಿ ಮಾಡಿದರು. ಮುನಿರಾಜನ ಕಾಗದವನ್ನು ಡ್ರಾಯರಿಗೆ ಹಾಕಿದರು. ಹರಿಯಲಿಲ್ಲ. "ನಾಳೆ ಅವನು ಡ್ಯೂಟಿಗೆ ಬಂದ್ರೆ ಇರಲಿ. ಬರ್ಲಿಲ್ಲ ಅಂದ್ರೆ ಕಂಟ್ರಾಕ್ಟರು ಬೇರೆಯವರನ್ನ ಕಳಿಸ್ತಾನೆ, ನಾನೇನೂ ಮಾಡೋಕಾಗಲ್ಲ" ಎಂದರು.

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಮರೆಯುತ್ತೇನೆ. ಎರಡನೆಯ ಸಲ ಮಾಡಿದಾಗ ಕಂಟ್ರೋಲಿನ ಇಲಿಗಳಿಗೆಲ್ಲ ಮಲೇರಿಯಾ ಬಂತು. ಕಲಿತವುಗಳಲ್ಲಿ ಕೆಲವಕ್ಕೆ ಬಂತು, ಹೆಚ್ಚಿನವಕ್ಕೆ ಬರಲಿಲ್ಲ. ಇದು ಗೆಲುವೋ ಸೋಲೋ ಎಂದು ಸೌಮ್ಯಳನ್ನು ಕೇಳಿದರೆ, "ಎರಡೂ ಅಮ್ಮ" ಎಂದಳು. ನನ್ನ ಜೊತೆ ಮಾತಾಡಲು ಆಗಷ್ಟೇ ಶುರು ಮಾಡಿದ್ದಳು, ಅದಕ್ಕೆ ಮತ್ತೆ ಕೇಳಲಿಲ್ಲ. ಅಷ್ಟರಲ್ಲಿ ಜನರೇಟರನ್ನೂ ಸರಿಮಾಡಿಸಿದ್ದರು, ನಾನು ನೀರು ಕೂಡಿಸುವುದನ್ನೂ ಬಿಟ್ಟಿದ್ದೆ. ಹಾಗಾಗಿ ಮೊದಲನೆಯ ಸಲ ಕೆಡಿಸಿದ್ದು ಯಾವುದೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಎರಡರಲ್ಲಿ ಒಂದನ್ನು ಹಾಗೆಯೇ ಬಿಟ್ಟು ನೋಡಬೇಕಿತ್ತು ಎಂದು ನಾನು ಅಂದರೆ ಡಾಕ್ಟರು ನಕ್ಕರು. ಯಾಕೆ ನಕ್ಕರೋ.

ಡಾಕ್ಟರ ಕೋಣೆಗೆ ಹೋಗಿ ಬಂದ ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಬಾಗಲೂರಿಗೆ ಹೋದೆ. ಮುನಿರಾಜ ಮನೆಯ ಮುಂದೆ ಟಿವಿಎಸ್ ಗಾಡಿಯನ್ನು ಒರೆಸುತ್ತಾ ಕುಳಿತಿದ್ದ. ನನ್ನನ್ನು ನೋಡಿಯೂ ಏಳಲಿಲ್ಲ.

"ಏನಕ್ಕ, ಇಲ್ಲೀಗಂಟ?"

"ಡಾಕ್ಟ್ರು ಬಾ ಅಂದವ್ರೆ. ಇವತ್ತೇ ಬರ್ಬೇಕು." ನೀರಿನ ವಿಷಯ ಎಲ್ಲ ಹೇಳಿದೆ.

ಕೇಳಿ ಅವನು ಬಟ್ಟೆ ಕೆಳಗಿಟ್ಟ. "ಅಂಗಾದ್ರೆ ನಂ ಸೊಳ್ಳೇದು ತಪ್ಪಿಲ್ಲ ಅಂತ ಏಳಿದ್ರಾ?"

"ಗೊತ್ತಿಲ್ಲ ಅಂತ ಏಳ್ದೆ."

"ಗೊತ್ತಿಲ್ಲ ಅಂತಾನಾ!" ಅವನು ಎದ್ದ. "ಅಷ್ಟು ದೂರ ಓಗಿ, ಅವ್ರ ಮುಂದೆ ನಿಂತು, ಗೊತ್ತಿಲ್ಲ ಅಂತ ಏಳಿ ಬಂದ್ರಾ? ನಾನು ಬರಲ್ಲ ಓಗಿ. ಮುನಿರಾಜಂದು ತಪ್ಪಿಲ್ಲ ಅಂತ ಬಾಯಲ್ಲಿ ಏಳ್ಲಿ, ಆಗ ಬರ್ತೀನಿ."

"ಯಾರು ಏಳ್ತಾರೋ? ಯಾರಿಗೂ ಗೊತ್ತಿಲ್ವಲ್ಲೋ."

"ನಂಗೊತ್ತು."

"ನಿಂಗೊತ್ತಿದ್ರೆ ಸಾಕಾ? ಸಾಕಂದ್ರೆ ಬಾ, ಗಾಡಿ ತೆಗಿ."

ಅವನು ಮುಖ ತಿರುಗಿಸಿ ಮತ್ತೆ ಗಾಡಿ ಒರೆಸತೊಡಗಿದ. ನಾನು ಜಗಲಿಯ ಮೇಲೆ ಕುಳಿತೆ. ಬಿಸಿಲು ಏರುತ್ತಿತ್ತು. ಇವನನ್ನು ಇಲ್ಲೇ ಬಿಟ್ಟು ಹೋದರೆ ಸಂಜೆಯೊಳಗೆ ಕಂಟ್ರಾಕ್ಟರು ಯಾರನ್ನೋ ತಂದು ನಿಲ್ಲಿಸುತ್ತಾನೆ. ಸ್ವಲ್ಪ ಹೊತ್ತಿಗೆ ಅವನೇ, ನನ್ನ ಕಡೆ ನೋಡದೆ, ಕೇಳಿದ.

"ಮರಿ ಯಾರು ನೋಡ್ಕೊಂತಾವ್ರೆ?"

"ಸೌಮ್ಯ."

"ಬಿಸ್ಕತ್ ಪುಡಿ ಎಷ್ಟು ಆಕ್ತಾವ್ಳೆ?"

"ತಟ್ಟೆಗೊಂದು ಚಮಚ."

"ಚಮಚಾನಾ!" ಬಟ್ಟೆಯನ್ನು ನೆಲಕ್ಕೆ ಎಸೆದ. "ಚಿಟಿಕೆ ಆಕ್ಬೇಕು ಅಂತ ಬಡ್ಕೊಂಡಿದೀನಿ! ನೀರ್ ಮೇಲೆ ಪೊರೆ ಕಟ್ಟಿ ಎಲ್ಲಾ ಉಸಿರು ಕಟ್ಟಿ ಸಾಯ್ತವೆ ಕಣಕ್ಕ! ಪಿಎಚ್‌ಡಿ ಅಂತೆ, ಪಿಎಚ್‌ಡಿ! ಅತ್ತಿ, ಅತ್ತಿ ಬೇಗ!"

ಸೌಮ್ಯ ಹಾಕುತ್ತಿದ್ದದ್ದು ಚಮಚವೋ ಚಿಟಿಕೆಯೋ, ನಾನು ಸೊಳ್ಳೆಕೋಣೆಗೆ ಹೋಗಿ ನೋಡಿಯೇ ಇರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಗಾಡಿ ಹತ್ತಿದೆ.